ಸಿಎನ್‌ಸಿ ಯಂತ್ರಗಳ ಸೀರಿಯಲ್ ಸಂಪರ್ಕ: ವೇಗ ಮತ್ತು ಕೇಬಲ್

ಲೇತ್, ಮಿಲ್ಲಿಂಗ್, ಮಶಿನಿಂಗ್ ಸೆಂಟರ್ ಮುಂತಾದ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಮನ್ನು ಒಂದೇ ತಂತಿಯ ಮೇಲೆ ಬಿಟ್‌ಗಳ ಸಾಲಾಗಿ ಕಳಿಸುವ, ಯಂತ್ರದಲ್ಲಿ ಇರುವುದನ್ನು ಅದೇ ರೀತಿ ಹೊರಗೆ ತೆಗೆದುಕೊಳ್ಳುವ ವ್ಯವಸ್ಥೆಗೆ ಸೀರಿಯಲ್ ಸಂಪರ್ಕ ಎಂದು ಹೆಸರು. ಇದರ ತಳಹದಿ ಆರ್‌ಎಸ್-232 ಎಂಬ ಮಾನಕ. ಅಮೆರಿಕದ ಎಲೆಕ್ಟ್ರಾನಿಕ್ ಇಂಡಸ್ಟ್ರೀಸ್ ಅಸೋಸಿಯೇಷನ್ (ಇಐಎ) ಇದನ್ನು 1960ರಲ್ಲಿ ಹೊರತಂದಿತು. 1969ರ ‘ಸಿ’ ಆವೃತ್ತಿ ಎಲ್ಲೆಡೆ ಬಳಕೆಗೆ ಬಂತು.

ಮೆಮೊರಿ ಕಾರ್ಡ್, ಯುಎಸ್‌ಬಿ, ಈಥರ್ನೆಟ್‌ಗಳು ಬಂದ ಮೇಲೆ ಹೊಸ ಯಂತ್ರಗಳಲ್ಲಿ ಇದರ ಬಳಕೆ ಕುಗ್ಗಿದೆ. ಆದರೆ ಒಳ್ಳೆಯ ಯಂತ್ರದ ಎರಕದ ಬೆಡ್ ಮೂವತ್ತು ವರ್ಷ ದುಡಿದರೂ ದಣಿಯುವುದಿಲ್ಲ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಹಳೆಯ ಕಂಟ್ರೋಲರ್ ಹೊತ್ತ ಯಂತ್ರಗಳು ಇಂದಿಗೂ ಜಾಬ್ ತೆಗೆಯುತ್ತಿವೆ. ಅವುಗಳಿಗೆ ಹೊರಜಗತ್ತಿನೊಡನೆ ಇರುವ ದಾರಿ ಆ ಒಂದು ಕೇಬಲ್ ಮಾತ್ರ. ಸಂಪರ್ಕ ಕೈಕೊಟ್ಟಾಗ ಎಲ್ಲರೂ ಮೊದಲು ಕೈಹಾಕುವುದು ವೇಗಕ್ಕೆ. ಬಹಳ ಸಲ ದೋಷ ಅಲ್ಲಿರುವುದಿಲ್ಲ. ಎರಡು ತುದಿಗಳೂ ಅಕ್ಷರವನ್ನು ಒಂದೇ ರೀತಿ ಅಳೆಯುತ್ತಿವೆಯೇ, ಒಬ್ಬರು ‘ನಿಲ್ಲು’ ಎಂದರೆ ಇನ್ನೊಬ್ಬರು ಹೊತ್ತಿಗೆ ಸರಿಯಾಗಿ ನಿಲ್ಲುತ್ತಾರೆಯೇ, ಇಬ್ಬರ ನೆಲವೂ ಒಂದೇ ಮಟ್ಟದಲ್ಲಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ವೇಗದ ಮಾತು.

ಕಾಗದದ ಪಟ್ಟಿಯ ಋಣ

ಅಂಕೀಯ ನಿಯಂತ್ರಣದ ಮೊದಲ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ 1952ರಲ್ಲಿ ಜನರ ಮುಂದೆ ನಡೆಸಿ ತೋರಿಸಿತು. ಅದು ಆಜ್ಞೆಗಳನ್ನು ಓದುತ್ತಿದ್ದದ್ದು ತೂತು ಹೊಡೆದ ಪಟ್ಟಿಯಿಂದ. ಮುಂದೆ ಒಂದಿಂಚು ಅಗಲದ, ಅಡ್ಡಸಾಲಿಗೆ ಎಂಟು ತೂತಿನ ಪಟ್ಟಿ ರೂಢಿಗೆ ಬಂತು. ಒಂದು ಅಡ್ಡಸಾಲು ಎಂದರೆ ಒಂದು ಅಕ್ಷರ, ಇಂಚಿಗೆ ಹತ್ತು ಅಕ್ಷರ. ಅದರಲ್ಲಿ ಎರಡು ಲಿಪಿಗಳಿದ್ದವು. ಇಐಎ ಲಿಪಿಯಲ್ಲಿ ಪ್ರತಿ ಸಾಲಿನ ತೂತುಗಳ ಸಂಖ್ಯೆ ಬೆಸವಾಗಿರಬೇಕು, ಐಎಸ್‌ಒ ಲಿಪಿಯಲ್ಲಿ ಸಮವಾಗಿರಬೇಕು. ಐಎಸ್‌ಒ ಲಿಪಿಯಲ್ಲಿ ಅಕ್ಷರಕ್ಕೆ ಏಳು ತೂತು. ಎಂಟನೆಯದು ಲೆಕ್ಕವನ್ನು ಸಮ ಮಾಡುವುದಕ್ಕೆ.

ಕಂಟ್ರೋಲರ್ ತಯಾರಕರು ಸೀರಿಯಲ್ ಪೋರ್ಟನ್ನು ಕೂರಿಸಿದ್ದು ಈ ಪಟ್ಟಿ ಓದುವ ಮತ್ತು ತೂತು ಹೊಡೆಯುವ ಸಾಧನಗಳ ಜಾಗದಲ್ಲಿ. ಹಾಗಾಗಿ ಹಳೆಯ ಮಾತುಗಳೆಲ್ಲ ಹಾಗೆಯೇ ಉಳಿದವು. ಪ್ರೋಗ್ರಾಮನ್ನು ಹೊರಗೆ ಕಳಿಸುವ ಗುಂಡಿಗೆ ಫ್ಯಾನುಕ್ ಕಂಪನಿಯ ಕಂಟ್ರೋಲರ್‌ನಲ್ಲಿ ‘ಪಂಚ್’ ಎಂದು ಹೆಸರು. ತೂತು ಬೀಳುವ ಕಾಗದ ಕಣ್ಮರೆಯಾಗಿ ದಶಕಗಳೇ ಸಂದಿವೆ. ಮೆಮೊರಿಯ ಗಾತ್ರವನ್ನು ಅದೇ ಕಂಪನಿ ಬಹುಕಾಲ ಮೀಟರ್‌ನಲ್ಲಿ ಹೇಳುತ್ತಿತ್ತು: 640 ಮೀಟರ್ ಎಂದರೆ 256 ಕಿಲೋಬೈಟ್. ಮೀಟರಿಗೆ ಸುಮಾರು 400 ಅಕ್ಷರದ ಲೆಕ್ಕ, ಅದೇ ಇಂಚಿಗೆ ಹತ್ತು. ಪ್ರೋಗ್ರಾಮಿನ ಮೊದಲಿಗೂ ಕೊನೆಗೂ ಬರುವ ಶೇಕಡಾ ಚಿಹ್ನೆ ಪಟ್ಟಿಯ ಆದಿ ಅಂತ್ಯಗಳ ಗುರುತು. ಪ್ರೋಗ್ರಾಮ್ ಬರಲಿ ಎಂದು ಫ್ಯಾನುಕ್ ಯಂತ್ರ ಕಾಯುವಾಗ ಪರದೆಯ ಕೆಳಗೆ ‘ಎಲ್‌ಎಸ್‌ಕೆ’ ಎಂಬ ಮೂರಕ್ಷರ ಮಿನುಗುತ್ತದೆ. ‘ಲೇಬಲ್ ಸ್ಕಿಪ್’ ಎಂಬುದರ ಸಂಕ್ಷೇಪ ಅದು. ಪಟ್ಟಿಯ ತುದಿಯಲ್ಲಿ ಜನ ಹೆಸರು, ಗುರುತು ಬರೆದಿರುತ್ತಿದ್ದರು. ಮೊದಲ ಸಾಲಿನ ಅಂತ್ಯ ಸಿಗುವವರೆಗೆ ಬಂದದ್ದನ್ನೆಲ್ಲ ಬಿಟ್ಟುಬಿಡು ಎಂದು ಯಂತ್ರಕ್ಕೆ ಹೇಳಿಟ್ಟ ಮಾತು. ಕೇಬಲ್ ತಪ್ಪಾಗಿದ್ದರೆ ಅದು ಗಂಟೆಗಟ್ಟಲೆ ಮಿನುಗುತ್ತಲೇ ಇರುತ್ತದೆ.

ಅಕ್ಷರದ ಅಳತೆ, ವೇಗದ ಲೆಕ್ಕ

ತಂತಿ ಸುಮ್ಮನಿರುವಾಗ ಅದರಲ್ಲಿ ಋಣ ವೋಲ್ಟೇಜ್ ನಿಂತಿರುತ್ತದೆ. −3ರಿಂದ −15 ವೋಲ್ಟ್ ಎಂದರೆ ಒಂದು, +3ರಿಂದ +15 ಎಂದರೆ ಸೊನ್ನೆ. ಕಳಿಸುವವರು ತಂತಿಯನ್ನು ಧನಕ್ಕೆ ಎಳೆದರೆ ಅದು ‘ಸ್ಟಾರ್ಟ್ ಬಿಟ್’; ಆಮೇಲೆ ಚಿಕ್ಕ ಬೆಲೆಯ ಬಿಟ್‌ನಿಂದ ಮೊದಲುಗೊಂಡು ಏಳು ಅಥವಾ ಎಂಟು ದತ್ತಾಂಶದ ಬಿಟ್, ಒಂದುಗಳ ಲೆಕ್ಕವನ್ನು ಸಮ ಅಥವಾ ಬೆಸ ಮಾಡುವ ಪ್ಯಾರಿಟಿ ಬಿಟ್, ಕಡೆಗೆ ಒಂದೋ ಎರಡೋ ‘ಸ್ಟಾಪ್ ಬಿಟ್’. ಗಡಿಯಾರವನ್ನು ಹೊತ್ತ ಬೇರೆ ತಂತಿ ಇಲ್ಲ. ಪಡೆಯುವವರು ಸ್ಟಾರ್ಟ್ ಬಿಟ್ ಕಂಡ ಕ್ಷಣದಿಂದ ತಮ್ಮದೇ ಗಡಿಯಾರದಲ್ಲಿ ಎಣಿಸುತ್ತ, ಪ್ರತಿ ಬಿಟ್‌ನ ನಡುವಿಗೆ ಬಂದು ಇಣುಕುತ್ತಾರೆ. ಹತ್ತು ಹನ್ನೊಂದು ಬಿಟ್ ಮುಗಿಯುವಷ್ಟರಲ್ಲಿ ಎರಡು ಗಡಿಯಾರಗಳ ವ್ಯತ್ಯಾಸ ಅರ್ಧ ಬಿಟ್ ಮೀರಿದರೆ ಓದು ತಪ್ಪುತ್ತದೆ. ಆದ್ದರಿಂದ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ನಡೆದೀತು, ಹೆಚ್ಚಾದರೆ ಇಲ್ಲ.

ವೇಗವನ್ನು ಅಳೆಯುವ ಮಾನ ‘ಬಾಡ್’. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋದೋ ಅವರ ನೆನಪಿಗೆ ಇಟ್ಟ ಹೆಸರು. ಸೆಕೆಂಡಿಗೆ ತಂತಿಯ ಸ್ಥಿತಿ ಎಷ್ಟು ಸಲ ಬದಲಾಗಬಹುದು ಎಂಬುದು ಅದರ ಅರ್ಥ. ಆರ್‌ಎಸ್-232ರಲ್ಲಿ ಅದೇ ಸೆಕೆಂಡಿಗೆ ಇಷ್ಟು ಬಿಟ್. ಕಂಟ್ರೋಲರ್‌ಗಳ ವೇಗದ ಪಟ್ಟಿಯಲ್ಲಿ ಕಾಣುವ 110 ಎಂಬ ವಿಚಿತ್ರ ಸಂಖ್ಯೆ ಟೆಲಿಟೈಪ್ ಯಂತ್ರದಿಂದ ಬಂದದ್ದು. ಅದು ಸೆಕೆಂಡಿಗೆ ಹತ್ತು ಅಕ್ಷರ ಅಚ್ಚು ಮಾಡುತ್ತಿತ್ತು, ಅಕ್ಷರಕ್ಕೆ 11 ಬಿಟ್ ತೆಗೆದುಕೊಳ್ಳುತ್ತಿತ್ತು. ಎರಡು ಸ್ಟಾಪ್ ಬಿಟ್ ಬೇಕಾದದ್ದೂ ಅದರ ತಿರುಗುವ ಭಾಗಗಳು ನೆಲೆಗೆ ಬಂದು ನಿಲ್ಲಲು ಸಮಯ ಬೇಕೆಂದು. 300ರಿಂದ ಮೇಲಿನವು ಇಮ್ಮಡಿಯ ಮೆಟ್ಟಿಲುಗಳು: 600, 1200, 2400, 4800, 9600, 19200. ಮಾನಕ ಮೊದಲು ಹಾಕಿದ ಮಿತಿ ಸೆಕೆಂಡಿಗೆ 20,000 ಬಿಟ್. ಹಳೆಯ ಕಂಟ್ರೋಲರ್‌ಗಳು 19200ಕ್ಕೆ ನಿಂತುಬಿಡುವುದಕ್ಕೆ ಕಾರಣ ಅದು. ಫ್ಯಾನುಕ್‌ನ 16, 18, 21 ಮತ್ತು 0ಐ ಸರಣಿಗಳಲ್ಲಿ ಒಂದನೆಯ ಪೋರ್ಟಿನ ವೇಗ ಪ್ಯಾರಾಮೀಟರ್ 103ರಲ್ಲಿದೆ: 10 ಹಾಕಿದರೆ 4800, 11 ಹಾಕಿದರೆ 9600, 12 ಹಾಕಿದರೆ 19200.

ಈ ಯಂತ್ರಗಳಲ್ಲಿ ಬಹಳವಾಗಿ ಕಾಣುವ ಹೊಂದಿಕೆ ಏಳು ಬಿಟ್, ಸಮ ಪ್ಯಾರಿಟಿ, ಎರಡು ಸ್ಟಾಪ್ ಬಿಟ್. ಐಎಸ್‌ಒ ಪಟ್ಟಿಯ ಅಡ್ಡಸಾಲೇ ಇದು, ಹಿಂದೆ ಮುಂದೆ ಕಾವಲಿನ ಬಿಟ್‌ಗಳನ್ನು ಸೇರಿಸಿಕೊಂಡು ತಂತಿಗಿಳಿದಿದೆ. ಸ್ಟಾರ್ಟ್ ಬಿಟ್ ಸೇರಿ ಅಕ್ಷರಕ್ಕೆ 11 ಬಿಟ್ ಆಯಿತು. 4800 ಬಾಡ್‌ನಲ್ಲಿ ಸೆಕೆಂಡಿಗೆ 436 ಅಕ್ಷರ. ಆ 640 ಮೀಟರ್ ಮೆಮೊರಿ ತುಂಬಲು ಹತ್ತು ನಿಮಿಷ ಬೇಕು, 9600ರಲ್ಲಿ ಐದು. ದಿನಕ್ಕೆ ಒಂದೆರಡು ಸಲ ನಾಲ್ಕು ಕಿಲೋಬೈಟಿನ ಲೇತ್ ಪ್ರೋಗ್ರಾಮ್ ಹಾಕುವ ಕಡೆ ವೇಗ ಹೆಚ್ಚಿಸಿ ಗಳಿಸುವುದು ನಾಲ್ಕೈದು ಸೆಕೆಂಡ್. ಅದಕ್ಕಾಗಿ ನಂಬಿಕೆಯ 4800ನ್ನು ಬಿಟ್ಟುಕೊಡುವುದು ಜಾಣತನವಲ್ಲ.

ಹೊಂದಿಕೆ ತಪ್ಪಿದಾಗ ಅದನ್ನು ಕಣ್ಣಲ್ಲೇ ಗುರುತಿಸಬಹುದು. ವೇಗವೇ ಬೇರೆಯಾಗಿದ್ದರೆ ಕಂಪ್ಯೂಟರಿನ ಪರದೆಯ ಮೇಲೆ ಒಂದಕ್ಷರವೂ ಅರ್ಥವಾಗದ ಗೋಜಲು. ವೇಗ ಸರಿಯಿದ್ದು, ಯಂತ್ರ ಏಳು ಬಿಟ್ ಸಮ ಪ್ಯಾರಿಟಿಯಲ್ಲಿ ಕಳಿಸುತ್ತ ಕಂಪ್ಯೂಟರ್ ಮಾತ್ರ ಎಂಟು ಬಿಟ್ ಪ್ಯಾರಿಟಿಯಿಲ್ಲ ಎಂದು ಕುಳಿತಿದ್ದರೆ, 0, 3, 5, 6, 9 ಅಂಕಿಗಳು ಸರಿಯಾಗಿ ಬರುತ್ತವೆ. 1, 2, 4, 7, 8 ಮಾತ್ರ ವಿಕಾರವಾಗುತ್ತವೆ. ಮೊದಲ ಗುಂಪಿನ ಅಂಕಿಗಳಲ್ಲಿ ಒಂದುಗಳ ಸಂಖ್ಯೆ ಮೊದಲೇ ಸಮ, ಹಾಗಾಗಿ ಪ್ಯಾರಿಟಿ ಬಿಟ್ ಸೊನ್ನೆ. ಎರಡನೆಯ ಗುಂಪಿನಲ್ಲಿ ಅದು ಒಂದಾಗುತ್ತದೆ, ಕಂಪ್ಯೂಟರ್ ಅದನ್ನು ಎಂಟನೆಯ ದತ್ತಾಂಶ ಬಿಟ್ ಎಂದು ಓದುತ್ತದೆ. ಅರ್ಧ ಅಂಕಿ ಸರಿ ಅರ್ಧ ತಪ್ಪು ಎಂದು ಕಂಡವರು ಸಾಮಾನ್ಯವಾಗಿ ಕೇಬಲನ್ನು ಶಂಕಿಸಿ ಬಿಚ್ಚುತ್ತಾರೆ. ಕೇಬಲ್‌ಗೆ ಏನೂ ಆಗಿರುವುದಿಲ್ಲ.

ನಿಲ್ಲಿಸುವ ಮಾತು

ಕಂಟ್ರೋಲರ್ ಅಕ್ಷರಗಳನ್ನು ಓದಿ, ಸಾಲು ಕಟ್ಟಿ, ಮೆಮೊರಿಯಲ್ಲಿ ಬರೆದುಕೊಳ್ಳುತ್ತಿರುವಾಗ ನಡುವೆ ಉಸಿರಾಡಲು ಸಮಯ ಬೇಕು. ಅದನ್ನು ಕೇಳುವ ದಾರಿ ಎರಡು. ಆರ್‌ಟಿಎಸ್, ಸಿಟಿಎಸ್ ಎಂಬ ಬೇರೆ ತಂತಿಗಳ ಮೂಲಕ ಕೇಳುವುದು ಒಂದು. ಸಿಎನ್‌ಸಿ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇನ್ನೊಂದು, ದತ್ತಾಂಶದ ತಂತಿಯಲ್ಲೇ ವಿಶೇಷ ಅಕ್ಷರ ಕಳಿಸುವುದು. ಡಿಸಿ1 ಎಂದರೆ ‘ಕಳಿಸು’, ಡಿಸಿ3 ಎಂದರೆ ‘ನಿಲ್ಲಿಸು’. ಇವೇ ಎಕ್ಸ್‌ಆನ್, ಎಕ್ಸ್‌ಆಫ್. ಡಿಸಿ2, ಡಿಸಿ4 ಎಂಬ ಜೋಡಿ ಯಂತ್ರ ತಾನೇ ಹೊರಗೆ ಕಳಿಸುವಾಗ ತೂತುಯಂತ್ರವನ್ನು ಎಬ್ಬಿಸಲು, ಮಲಗಿಸಲು.

ಇಲ್ಲಿ ಒಂದು ಸೂಕ್ಷ್ಮವಿದೆ, ಎಷ್ಟೋ ಯಂತ್ರಗಳ ಮುಂದೆ ಜನ ದಿನಗಟ್ಟಲೆ ತಲೆ ಚಚ್ಚಿಕೊಂಡದ್ದು ಇದರಿಂದಲೇ. ಫ್ಯಾನುಕ್ ಕಂಟ್ರೋಲರ್ ‘ನಿಲ್ಲಿಸು’ ಎಂದ ಮೇಲೆ ಹತ್ತು ಅಕ್ಷರದವರೆಗೆ ತಾಳಿಕೊಳ್ಳುತ್ತದೆ. ಆಮೇಲೂ ಬರುತ್ತಿದ್ದರೆ 087 ಎಂಬ ಅಲಾರಂ ಎಬ್ಬಿಸಿ ಕೈಬಿಡುತ್ತದೆ. ಮೊದಲ ಐಬಿಎಂ ಪಿಸಿಯಲ್ಲಿದ್ದ 8250 ಚಿಪ್ ಒಂದೊಂದೇ ಅಕ್ಷರ ಕಳಿಸುತ್ತಿತ್ತು, ಹೇಳಿದಲ್ಲಿ ನಿಲ್ಲುತ್ತಿತ್ತು. ನಂತರ ಬಂದ 16550ಎ ಚಿಪ್‌ನಲ್ಲಿ 16 ಅಕ್ಷರದ ಸರತಿ ಸಾಲಿದೆ. ತಂತ್ರಾಂಶಕ್ಕೆ ‘ನಿಲ್ಲಿಸು’ ಎಂಬುದು ತಲುಪಿ ಅದು ಕೈತಡೆದರೂ, ಆಗಲೇ ಸರತಿಗೆ ಸೇರಿದ 16 ಅಕ್ಷರಗಳು ಹೊರಟೇಬಿಡುತ್ತವೆ. ಹತ್ತಕ್ಕೆ ಜಾಗ, ಬಂದವರು ಹದಿನಾರು. ಕಂಪ್ಯೂಟರ್ ಹೊಸದಾದಷ್ಟೂ ತೊಂದರೆ ಹೆಚ್ಚಾದದ್ದು ಹೀಗೆ. ಪೋರ್ಟಿನ ಸುಧಾರಿತ ಹೊಂದಿಕೆಗಳಿಗೆ ಹೋಗಿ ಕಳಿಸುವ ಸರತಿಯನ್ನು ತೀರ ಕಡಿಮೆಗೆ ಇಳಿಸಿದರೆ ಅಲಾರಂ ಮಾಯ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಚಿಕ್ಕ ಅಡಾಪ್ಟರ್‌ಗಳಲ್ಲಿ ಈ ಸರತಿ ಇನ್ನೂ ಉದ್ದ. ಡಿಸಿ3 ಬಂದರೆ ಚಿಪ್ಪೇ ತಾನಾಗಿ ನಿಲ್ಲಿಸುವಂಥ ಅಡಾಪ್ಟರನ್ನು ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಚಿಕ್ಕ ಪ್ರೋಗ್ರಾಮ್ ಸಲೀಸಾಗಿ ಹೋಗುತ್ತದೆ, ದೊಡ್ಡದು ನಡುದಾರಿಯಲ್ಲಿ ಕೆಡುತ್ತದೆ.

ಜೊತೆಯ ಇನ್ನೆರಡು ಅಲಾರಂಗಳನ್ನೂ ತಿಳಿದಿರುವುದು ಒಳ್ಳೆಯದು. 085 ಬಂದರೆ ಅಕ್ಷರದ ಅಳತೆ ತಪ್ಪಿದೆ, ಅಂದರೆ ವೇಗ, ಪ್ಯಾರಿಟಿ, ಸ್ಟಾಪ್ ಬಿಟ್‌ಗಳಲ್ಲೊಂದು. 086 ಬಂದರೆ ಆಚೆಯ ತುದಿ ಸಿದ್ಧವಿದೆ ಎಂಬ ಸಂಕೇತ ತಲುಪುತ್ತಿಲ್ಲ, ಅಂದರೆ ಕೇಬಲ್.

ಕೇಬಲ್

ಆರ್‌ಎಸ್-232ನ್ನು ರೂಪಿಸಿದ್ದು ಟರ್ಮಿನಲ್ ಮತ್ತು ಮೋಡೆಮ್ ನಡುವೆ. ಒಂದು ಮಾತಾಡುವ ಪಿನ್‌ನಲ್ಲಿ ಇನ್ನೊಂದು ಕೇಳುವಂತೆ ಪಿನ್‌ಗಳನ್ನು ಹೊಂದಿಸಿದ್ದರು. ಕಂಪ್ಯೂಟರೂ ಸಿಎನ್‌ಸಿಯೂ ಎರಡೂ ಟರ್ಮಿನಲ್ ಜಾತಿಯವು. ಆದ್ದರಿಂದ ನಡುವೆ ತಂತಿಗಳನ್ನು ಅಡ್ಡ ಹಾಯಿಸಬೇಕು. ಗೊಂದಲ ಹುಟ್ಟುವುದು ಪಿನ್ ಸಂಖ್ಯೆಗಳಲ್ಲಿ. 25 ಪಿನ್‌ನ ಕನೆಕ್ಟರ್‌ನಲ್ಲಿ 2 ಕಳಿಸುವುದು, 3 ಪಡೆಯುವುದು, 7 ಸಿಗ್ನಲ್ ಗ್ರೌಂಡ್. 1984ರ ಐಬಿಎಂ ಪಿಸಿ ಎಟಿಯೊಡನೆ ಬಂದ 9 ಪಿನ್‌ನದರಲ್ಲಿ ಇದು ಅದಲುಬದಲು: 2 ಪಡೆಯುವುದು, 3 ಕಳಿಸುವುದು, ಗ್ರೌಂಡ್ 5. ಹೀಗಾಗಿ 9ರಿಂದ 25ಕ್ಕೆ ಕೇಬಲ್ ಕಟ್ಟುವಾಗ 2ನ್ನು 2ಕ್ಕೇ, 3ನ್ನು 3ಕ್ಕೇ ಹಾಕಬೇಕು. ಸಂಖ್ಯೆಯಲ್ಲಿ ನೇರ ಕಂಡರೂ ಅರ್ಥದಲ್ಲಿ ಅದೇ ಅಡ್ಡಹಾಯಿಕೆ. ಎರಡೂ ಕಡೆ ಒಂದೇ ಜಾತಿಯ ಕನೆಕ್ಟರ್ ಇದ್ದರೆ 2ನ್ನು 3ಕ್ಕೆ, 3ನ್ನು 2ಕ್ಕೆ.

ನಿಲ್ಲಿಸುವ ಮಾತು ದತ್ತಾಂಶದ ತಂತಿಯಲ್ಲೇ ಹೋಗುವುದಾದರೆ ಈ ಮೂರು ತಂತಿಗಳೇ ಸಾಕು. ಉಳಿದ ಸಂಕೇತಗಳನ್ನು ಆಯಾ ಕನೆಕ್ಟರ್ ಒಳಗೇ ಶಾರ್ಟ್ ಮಾಡಿ ಕಂಟ್ರೋಲರನ್ನು ಸಮಾಧಾನಪಡಿಸುತ್ತಾರೆ. ಯಂತ್ರದ 25 ಪಿನ್ ಕಡೆ 4 ಮತ್ತು 5 ಒಟ್ಟಿಗೆ, 6, 8 ಮತ್ತು 20 ಒಟ್ಟಿಗೆ. ಕಂಪ್ಯೂಟರಿನ 9 ಪಿನ್ ಕಡೆ 7 ಮತ್ತು 8 ಒಟ್ಟಿಗೆ, 1, 4 ಮತ್ತು 6 ಒಟ್ಟಿಗೆ. ಫ್ಯಾನುಕ್ ಯಂತ್ರಗಳ 25 ಪಿನ್ ಕನೆಕ್ಟರ್‌ನಲ್ಲಿ ಒಂದು ಅಪಾಯ ಅಡಗಿದೆ. ಅದರ 25ನೆಯ ಪಿನ್‌ನಲ್ಲಿ 24 ವೋಲ್ಟ್ ಇರುತ್ತದೆ, ಹೊರಗಿನ ಸಾಧನಕ್ಕೆ ವಿದ್ಯುತ್ ಕೊಡಲೆಂದು ಇಟ್ಟದ್ದು. ಅಂಗಡಿಯಲ್ಲಿ ಸಿಗುವ, 25 ಪಿನ್‌ಗಳೂ ನೇರ ಜೋಡಿಸಿದ ಸಿದ್ಧ ಕೇಬಲನ್ನು ಇಲ್ಲಿ ಚುಚ್ಚಿದರೆ ಆ 24 ವೋಲ್ಟ್ ಹೋಗಿ ಆಚೆಯ ಪೋರ್ಟನ್ನು ಸುಡಬಹುದು. ಬೇಕಾದ ತಂತಿಗಳನ್ನಷ್ಟೇ ಬೆಸುಗೆ ಹಾಕಿ ಕೈಯಲ್ಲೇ ಕಟ್ಟಿದ ಕೇಬಲ್ ಅದಕ್ಕಿಂತ ಎಷ್ಟೋ ಮೇಲು. ಚುಚ್ಚುವಾಗ ಕೀಳುವಾಗ ಎರಡೂ ಕಡೆ ಸ್ವಿಚ್ ಆಫ್ ಇರಲಿ.

ಯಾವ ಪಿನ್ ಮಾತಾಡುತ್ತದೆ ಎಂಬ ಅನುಮಾನ ಬಂದರೆ ಕೈಪಿಡಿ ಹುಡುಕಬೇಕಾಗಿಲ್ಲ, ಮಲ್ಟಿಮೀಟರ್ ಸಾಕು. ಕಪ್ಪು ಕಡ್ಡಿಯನ್ನು ಗ್ರೌಂಡ್ ಪಿನ್‌ಗೆ ಹಿಡಿದು ಕೆಂಪನ್ನು 2ಕ್ಕೂ 3ಕ್ಕೂ ಸರದಿಯಂತೆ ಮುಟ್ಟಿಸಿದರೆ, ಋಣ ಐದರಿಂದ ಹನ್ನೆರಡು ವೋಲ್ಟ್ ತೋರಿಸಿದ್ದು ಕಳಿಸುವ ಪಿನ್. ಸೊನ್ನೆಯ ಹತ್ತಿರ ಇದ್ದದ್ದು ಕೇಳುವ ಪಿನ್. ಎರಡೂ ತುದಿಗಳಲ್ಲಿ ಹೀಗೆ ನೋಡಿಕೊಂಡರೆ ಕೇಬಲ್‌ನ ಮುಕ್ಕಾಲು ಒಗಟು ಬಿಡಿಸಿದಂತೆ.

ಉದ್ದದ ವಿಷಯದಲ್ಲಿ ‘ಸಿ’ ಆವೃತ್ತಿ ಹೇಳಿದ್ದು 50 ಅಡಿ, ಅಂದರೆ 15 ಮೀಟರ್. ನಂತರದ ಆವೃತ್ತಿಗಳು ಅಡಿಯ ಲೆಕ್ಕ ಬಿಟ್ಟು, ಕೇಬಲ್‌ನ ಒಟ್ಟು ಕೆಪಾಸಿಟನ್ಸ್ 2500 ಪಿಕೋಫ್ಯಾರಡ್ ಮೀರಬಾರದು ಎಂದವು. ಇದೇ ಸರಿಯಾದ ನೋಟ. ತಂತಿ ಉದ್ದವಾದಂತೆ ಅದು ಬಿಂದಿಗೆಯಂತೆ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ, ಬಿಟ್‌ನ ಅಂಚು ಕಡಿದಾಗಿ ಏರುವ ಬದಲು ಇಳಿಜಾರಾಗುತ್ತದೆ. ಮೀಟರಿಗೆ 150 ಪಿಕೋಫ್ಯಾರಡ್ ಇರುವ ಸಾಧಾರಣ ಶೀಲ್ಡೆಡ್ ಕೇಬಲ್ 16 ಮೀಟರಿಗೆ ಮಿತಿ ಮುಟ್ಟುತ್ತದೆ. 50 ಪಿಕೋಫ್ಯಾರಡ್‌ನದು 50 ಮೀಟರ್‌ವರೆಗೆ ಹೋಗುತ್ತದೆ. 9600 ಬಾಡ್‌ನಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುತ್ತದೆ, 4800ರಲ್ಲಿ 208. ಉದ್ದ ಕೇಬಲ್‌ನಲ್ಲಿ ವೇಗ ಇಳಿಸಿದರೆ ಕೆಲಸ ನಡೆಯುವುದು ಈ ಬಿಡುವಿನಿಂದ. ನೆಟ್‌ವರ್ಕ್‌ನ ತಿರುಚಿದ ಜೋಡಿ ಕೇಬಲ್ ಬಳಸುವವರು ಕಳಿಸುವ ತಂತಿಯನ್ನೂ ಪಡೆಯುವ ತಂತಿಯನ್ನೂ ಒಂದೇ ಜೋಡಿಯಲ್ಲಿ ಹಾಕಬಾರದು. ಒಂದರ ಮಾತು ಇನ್ನೊಂದರಲ್ಲಿ ಕೇಳಿಸುತ್ತದೆ. ಒಂದೊಂದಕ್ಕೂ ಗ್ರೌಂಡನ್ನು ಜೊತೆ ಮಾಡಬೇಕು.

ಗ್ರೌಂಡ್ ಈ ಮಾನಕದ ದುರ್ಬಲ ಜಾಗ. ವೋಲ್ಟೇಜನ್ನೆಲ್ಲ ಅಳೆಯುವುದು ಒಂದೇ ಸಿಗ್ನಲ್ ಗ್ರೌಂಡ್‌ಗೆ ಹೋಲಿಸಿ. ಯಂತ್ರದ ಅರ್ಥಿಂಗ್ ಒಂದು ಗುಂಡಿಗೆ, ಆಫೀಸಿನ ಕಂಪ್ಯೂಟರಿನದು ಇನ್ನೊಂದಕ್ಕೆ ಹೋಗಿದ್ದರೆ ಎರಡು ನೆಲಗಳ ನಡುವೆ ವೋಲ್ಟೇಜ್ ಹುಟ್ಟಿ ಕೇಬಲ್ ಮೂಲಕ ವಿದ್ಯುತ್ ಹರಿಯುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ಮಾತ್ರ ಲ್ಯಾಪ್‌ಟಾಪ್ ಸರಿಯಾಗಿ ಕಳಿಸುತ್ತದೆ ಎಂದಾದರೆ ದೋಷ ಅರ್ಥಿಂಗ್‌ನಲ್ಲಿದೆ ಎಂದೇ ತಿಳಿಯಬೇಕು. ಕೇಬಲ್‌ನ ಶೀಲ್ಡನ್ನು ಒಂದೇ ತುದಿಯಲ್ಲಿ ನೆಲಕ್ಕೆ ಕಟ್ಟುವ ರೂಢಿಗೂ ಇದೇ ಕಾರಣ. ದೂರ ಹೆಚ್ಚಿದ್ದಲ್ಲಿ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋ ಐಸೊಲೇಟರ್ ಹಾಕುವುದು ಖರ್ಚಿಗೆ ತಕ್ಕ ರಕ್ಷಣೆ.

ಸ್ಪಿಂಡಲ್ ಮೋಟಾರಿನ ಕೇಬಲ್ ಪಕ್ಕದಲ್ಲಿ ಸೀರಿಯಲ್ ಕೇಬಲ್ ಓಡಿಸಿದರೆ ಏನಾಗಬಹುದು ಎಂಬುದನ್ನು ಒಂದು ಅಕ್ಷರದಲ್ಲೇ ನೋಡಬಹುದು. ‘1’ ಎಂಬ ಅಂಕಿಯ ಬಿಟ್‌ಗಳು, ಕಳಿಸುವ ಕ್ರಮದಲ್ಲಿ, 1000110. ‘7’ರದು 1110110. ವ್ಯತ್ಯಾಸ ಇರುವುದು ಅಕ್ಕಪಕ್ಕದ ಎರಡು ಬಿಟ್‌ಗಳಲ್ಲಿ, ಎರಡೂ ಸೊನ್ನೆಯಿಂದ ಒಂದಕ್ಕೆ. ಅದೇ ಹೊತ್ತಿಗೆ 9600 ಬಾಡ್‌ನ ತಂತಿಯ ಮೇಲೆ ಸುಮಾರು 200 ಮೈಕ್ರೋಸೆಕೆಂಡ್‌ನ ಒಂದೇ ಒಂದು ಋಣ ಹೊಡೆತ ಬಿದ್ದರೆ 1 ಹೋಗಿ 7 ಆಗುತ್ತದೆ. ಎರಡು ಬಿಟ್ ಬದಲಾದ್ದರಿಂದ ಪ್ಯಾರಿಟಿ ಹಾಗೆಯೇ ಉಳಿಯುತ್ತದೆ, ಅಲಾರಂ ಬರುವುದಿಲ್ಲ. ಆಪರೇಟರ್ ನೋಡಿದ ಡ್ರಾಯಿಂಗಿನಲ್ಲಿ 10 ಮಿಲಿಮೀಟರ್, ಟೂಲ್ ಹೊರಟದ್ದು 70ಕ್ಕೆ. ಪ್ಯಾರಿಟಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕಳಿಸಿದ ಪ್ರೋಗ್ರಾಮನ್ನು ಮರಳಿ ತರಿಸಿ ಮೂಲದೊಡನೆ ಹೋಲಿಸಿ ನೋಡುವುದು ಜಾಬ್ ಕೆಡುವುದಕ್ಕಿಂತ, ಮನುಷ್ಯರಿಗೆ ಪೆಟ್ಟಾಗುವುದಕ್ಕಿಂತ ಎಷ್ಟೋ ಅಗ್ಗ.

ಹನಿ ಹನಿಯಾಗಿ

ವೇಗ ನಿಜವಾಗಿ ಮುಖ್ಯವಾಗುವ ಒಂದೇ ಸಂದರ್ಭ ಡಿಎನ್‌ಸಿ. ಅಚ್ಚುಗಳ ವಕ್ರ ಮೇಲ್ಮೈಗೆ ಬೇಕಾದ ಪ್ರೋಗ್ರಾಮ್ ಕಂಟ್ರೋಲರ್‌ನ ಮೆಮೊರಿಗೆ ಹಿಡಿಸುವುದಿಲ್ಲ. ಆಗ ಯಂತ್ರ ಕತ್ತರಿಸುತ್ತಿರುವಂತೆಯೇ ಕಂಪ್ಯೂಟರ್ ಸಾಲು ಸಾಲಾಗಿ ಉಣಿಸುತ್ತ ಹೋಗಬೇಕು. ಮೂರು ಅಕ್ಷಗಳ ಒಂದು ಸಾಲು ಸುಮಾರು 22 ಅಕ್ಷರ, ಅಂದರೆ 242 ಬಿಟ್. 9600 ಬಾಡ್‌ನಲ್ಲಿ ಸೆಕೆಂಡಿಗೆ ನಲವತ್ತು ಸಾಲು ತಲುಪುತ್ತದೆ. ಪ್ರತಿ ಸಾಲು 0.1 ಮಿಲಿಮೀಟರ್ ಚಲನೆಯಾದರೆ ನಿಮಿಷಕ್ಕೆ 240 ಮಿಲಿಮೀಟರ್. ಫೀಡ್ ಎಷ್ಟೇ ಹಾಕಿದರೂ ಯಂತ್ರ ಅದಕ್ಕಿಂತ ವೇಗವಾಗಿ ಓಡುವಂತಿಲ್ಲ. ಮುಂದಿನ ಸಾಲು ಬರುವವರೆಗೆ ಟೂಲ್ ನಿಂತು ನಿಂತು ಹೋಗುತ್ತದೆ, ನಿಂತಲ್ಲೆಲ್ಲ ಅಚ್ಚಿನ ಮೇಲೆ ಕಲೆ ಬೀಳುತ್ತದೆ. ಪಾಲಿಷ್ ಮಾಡುವವರ ಕೈ ಸೋಲುತ್ತದೆ. 115200 ಬಾಡ್ ಹಿಡಿಯುವ ಯಂತ್ರದಲ್ಲಿ ಇದೇ ಲೆಕ್ಕ ನಿಮಿಷಕ್ಕೆ ಸುಮಾರು 2,850 ಮಿಲಿಮೀಟರಿಗೆ ಏರುತ್ತದೆ.

ಬಾಡ್ ಏರಿಸಲಾಗದಿದ್ದರೆ ಅಕ್ಷರ ಕಡಿಮೆ ಮಾಡಬೇಕು. ‘ಎನ್’ ಸಂಖ್ಯೆಗಳನ್ನೂ ನಡುವಿನ ಖಾಲಿ ಜಾಗಗಳನ್ನೂ ತೆಗೆದುಬಿಟ್ಟರೆ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ. ಚಿಕ್ಕ ಚಿಕ್ಕ ಸರಳರೇಖೆಗಳ ಬದಲು ಜಿ02, ಜಿ03 ಕಮಾನುಗಳನ್ನು ಬಳಸುವಂತೆ, ಪ್ರೋಗ್ರಾಮ್ ಬರೆದುಕೊಡುವ ಕ್ಯಾಮ್ ತಂತ್ರಾಂಶಕ್ಕೆ ಹೇಳಿದರೆ ಸಾಲುಗಳೇ ಕಡಿಮೆಯಾಗುತ್ತವೆ.

ಈ ಮಿತಿಗಳನ್ನು ದಾಟಲು ಬಂದದ್ದು ಆರ್‌ಎಸ್-422. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಅಳೆಯುವುದರಿಂದ ಗದ್ದಲ ಎರಡರಲ್ಲೂ ಸಮನಾಗಿ ಸೇರಿ ಕಳೆದುಹೋಗುತ್ತದೆ. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗಬಲ್ಲದು. ಜರ್ಮನಿಯ ಹೈಡನ್‌ಹೈನ್ ಕಂಪನಿ ಎಲ್‌ಎಸ್‌ವಿ2 ಎಂಬ ಸಂವಹನ ಒಡಂಬಡಿಕೆಯನ್ನು ಬಳಸಿತು. ದತ್ತಾಂಶವನ್ನು ಕಂತುಗಳಾಗಿ ಕಳಿಸಿ ಪ್ರತಿ ಕಂತನ್ನೂ ಪರೀಕ್ಷಿಸುವ ಕ್ರಮ ಅದು. ಹಳೆಯ ಪೋರ್ಟಿನ ಪಕ್ಕದಲ್ಲೇ ಒಂದು ಪುಟ್ಟ ಪೆಟ್ಟಿಗೆಯನ್ನಿಟ್ಟು, ಅಲ್ಲಿಂದ ಯಂತ್ರಕ್ಕೆ ಅರ್ಧ ಮೀಟರ್ ಸೀರಿಯಲ್, ಅಲ್ಲಿಂದಾಚೆಗೆ ಈಥರ್ನೆಟ್ ಅಥವಾ ವೈಫೈ ಎಂಬ ಏರ್ಪಾಡು ಇಂದಿನ ದಿನಗಳಲ್ಲಿ ಹಳೆಯ ಯಂತ್ರಗಳಿಗೆ ಅತ್ಯುತ್ತಮ ಪರಿಹಾರ. ಉದ್ದದ, ಗ್ರೌಂಡ್‌ನ ಎರಡು ಚಿಂತೆಗಳೂ ಒಟ್ಟಿಗೆ ಕಳೆಯುತ್ತವೆ.

ಕೇಬಲ್‌ನ ಇನ್ನೊಂದು ಕೆಲಸ ವರ್ಷಕ್ಕೊಮ್ಮೆಯೂ ನೆನಪಾಗುವುದಿಲ್ಲ. ಕಂಟ್ರೋಲರ್‌ನ ಪ್ಯಾರಾಮೀಟರ್‌ಗಳು ಬ್ಯಾಟರಿಯ ಆಸರೆಯಲ್ಲಿ ಉಳಿದಿರುತ್ತವೆ. ಬ್ಯಾಟರಿ ಸತ್ತರೆ ಅವೂ ಹೋಗುತ್ತವೆ, ಯಂತ್ರ ತನ್ನ ಅಕ್ಷಗಳ ಹೆಸರನ್ನೂ ಮರೆತು ಕೂರುತ್ತದೆ. ಪಂಚ್ ಗುಂಡಿ ಒತ್ತಿ ಕಂಪ್ಯೂಟರಿನಲ್ಲಿ ಕಾಪಿಟ್ಟ ಪ್ಯಾರಾಮೀಟರ್ ಫೈಲ್ ಇದ್ದರೆ ಕೆಲವೇ ನಿಮಿಷದಲ್ಲಿ ಎಲ್ಲವನ್ನೂ ಮರಳಿಸಬಹುದು. ಆದರೆ ಯಾವ ಪೋರ್ಟ್, ಎಷ್ಟು ಬಾಡ್, ಎಷ್ಟು ಸ್ಟಾಪ್ ಬಿಟ್ ಎಂಬುದೂ ಅಳಿಸಿಹೋದವುಗಳಲ್ಲೇ ಸೇರಿದೆ. ಮೇಲೆ ಹೇಳಿದ ಫ್ಯಾನುಕ್ ಸರಣಿಗಳಲ್ಲಿ ಮೊದಲು 20, 101, 102, 103 ಈ ನಾಲ್ಕನ್ನು ಕೀಲಿಮಣೆಯಲ್ಲಿ ಕೈಯಾರೆ ಒತ್ತಬೇಕು, ಉಳಿದ ಸಾವಿರಾರು ಆಮೇಲೆ ಕೇಬಲ್‌ನಲ್ಲಿ ಬರುತ್ತವೆ. ಅದಕ್ಕೇ ಅನುಭವಸ್ಥರು ಆ ನಾಲ್ಕರ ಬೆಲೆಗಳನ್ನು ಒಂದು ಚೀಟಿಯಲ್ಲಿ ಬರೆದು ಎಲೆಕ್ಟ್ರಿಕಲ್ ಕ್ಯಾಬಿನೆಟ್ ಬಾಗಿಲಿನ ಒಳಮೈಗೆ ಅಂಟಿಸಿರುತ್ತಾರೆ.